ಅಮೆರಿಕದ ರಾಜಕೀಯದಲ್ಲಿ ಮಾಧ್ಯಮಗಳು ಮತ್ತು ಹಿತಾಸಕ್ತಿ ಗುಂಪುಗಳು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಎರಡು ಚುನಾವಣೆಗಳ ನಡುವಿನ ಕಾಲದಲ್ಲಿ ಜನರ ಬೇಕು ಬೇಡಗಳನ್ನು ಸರ್ಕಾರಕ್ಕೂ ಸರ್ಕಾರದ ನಡೆಯನ್ನು ಜನರಿಗೂ ಮುಟ್ಟಿಸುವ ಕೆಲಸ ಬಹುಪಾಲು ಎರಡು ಶಕ್ತಿಗಳ ಕೈಯಲ್ಲಿದೆ. ಒಂದು, ಪತ್ರಿಕೆ, ರೇಡಿಯೊ, ಟಿವಿ, ಅಂತರ್ಜಾಲ ಸೇರಿದ ಸುದ್ದಿ ಮಾಧ್ಯಮ. ಇನ್ನೊಂದು ಹಿತಾಸಕ್ತಿ ಗುಂಪು. ಎಂದರೆ, ತಾನೇ ಚುನಾವಣೆಗೆ ನಿಂತು ಅಧಿಕಾರ ಹಿಡಿಯುವ ಉದ್ದೇಶವಿಲ್ಲದೆ, ಅಧಿಕಾರದಲ್ಲಿರುವವರ ತೀರ್ಮಾನಗಳನ್ನು ತನ್ನ ಕಡೆಗೆ ಒಲಿಸಿಕೊಳ್ಳಲು ಒಟ್ಟಾಗಿ ದುಡಿಯುವ ಸಂಘಟನೆ. ನಮ್ಮ ಪಠ್ಯಪುಸ್ತಕಗಳು ಇದನ್ನು ಒತ್ತಡ ಗುಂಪು ಎಂದೂ ಕರೆಯುತ್ತವೆ. ವೈದ್ಯರ ಸಂಘ, ಕಾರ್ಮಿಕ ಒಕ್ಕೂಟ, ವಾಣಿಜ್ಯ ಮಂಡಳಿ, ಬಂದೂಕು ಮಾಲೀಕರ ಸಂಘ, ನಿವೃತ್ತರ ಸಂಘ, ಪರಿಸರ ಸಂಘಟನೆ ಎಲ್ಲವೂ ಇದರೊಳಗೆ ಬರುತ್ತವೆ.

ಎರಡಕ್ಕೂ ಬೇರು ಒಂದೇ. 1791ರಲ್ಲಿ ಜಾರಿಗೆ ಬಂದ ಸಂವಿಧಾನದ ಮೊದಲ ತಿದ್ದುಪಡಿ ಒಂದೇ ವಾಕ್ಯದಲ್ಲಿ ಮಾತು ಮತ್ತು ಮುದ್ರಣದ ಸ್ವಾತಂತ್ರ್ಯವನ್ನೂ, ಶಾಂತಿಯಿಂದ ಸಭೆ ಸೇರುವ ಹಕ್ಕನ್ನೂ, ಕುಂದುಕೊರತೆಗಳ ಪರಿಹಾರಕ್ಕಾಗಿ ಸರ್ಕಾರಕ್ಕೆ ಅಹವಾಲು ಸಲ್ಲಿಸುವ ಹಕ್ಕನ್ನೂ ಕಾಪಾಡಿದೆ. ಇಂದು ವಾಷಿಂಗ್ಟನ್ನಿನಲ್ಲಿ ನಡೆಯುವ ಕೋಟ್ಯಂತರ ಡಾಲರಿನ ಲಾಬಿ ವ್ಯವಹಾರಕ್ಕೆ ಕಾನೂನಿನ ಆಸರೆ ಸಿಗುವುದು ಈ ಅಹವಾಲಿನ ಹಕ್ಕಿನಿಂದಲೇ.

ಬೇರು ಒಂದಾದರೂ ಎರಡರ ಗುಣ ಬೇರೆ. ರಾಜ್ಯಶಾಸ್ತ್ರಜ್ಞ ಇ.ಇ. ಶಾಟ್‌ಷ್ನೈಡರ್ 1960ರಲ್ಲಿ ಮುಂದಿಟ್ಟ ವಾದವೊಂದು ಇದನ್ನು ಚೆನ್ನಾಗಿ ತಿಳಿಸುತ್ತದೆ: ರಾಜಕೀಯ ಜಗಳದ ಫಲಿತಾಂಶ ಅದರೊಳಗೆ ಎಷ್ಟು ಜನ ಬಂದು ಸೇರಿಕೊಳ್ಳುತ್ತಾರೆ ಎಂಬುದರ ಮೇಲೆ ನಿಂತಿದೆ. ಕೋಣೆಯೊಳಗೆ ಗೆಲ್ಲಬಲ್ಲವನು ಜಗಳವನ್ನು ಕೋಣೆಯಲ್ಲೇ ಮುಗಿಸಲು ನೋಡುತ್ತಾನೆ. ಒಳಗೆ ಸೋಲುವವನು ಅದನ್ನು ಬೀದಿಗೆ ತರುತ್ತಾನೆ. ಬೀದಿಗೆ ತರುವ ಸಾಧನ ಮಾಧ್ಯಮ. ಹಣವಂತ ಗುಂಪುಗಳಿಗೆ ಮೌನ ಲಾಭದಾಯಕ, ಬಡ ಗುಂಪುಗಳಿಗೆ ಸುದ್ದಿ ಲಾಭದಾಯಕ. ಅಮೆರಿಕದ ಎರಡೂಕಾಲು ಶತಮಾನದ ಚರಿತ್ರೆಯಲ್ಲಿ ಇದಕ್ಕೆ ಅಪವಾದಗಳು ಇವೆಯಾದರೂ ಒಟ್ಟು ನಡೆ ಇದನ್ನೇ ಹೇಳುತ್ತದೆ.

ಆರಂಭ ಕಾಲ

ಸಂವಿಧಾನದ ಕರಡಿನ ಪರವಾಗಿ ಜೇಮ್ಸ್ ಮ್ಯಾಡಿಸನ್ ಬರೆದ ಪ್ರಸಿದ್ಧ ಲೇಖನ, ಫೆಡರಲಿಸ್ಟ್ ಮಾಲೆಯ 10ನೆಯದು, 1787ರ ನವೆಂಬರಿನಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಸ್ವಂತ ಲಾಭಕ್ಕಾಗಿ ಒಗ್ಗೂಡುವ ಬಣಗಳು ಸ್ವಾತಂತ್ರ್ಯ ಇರುವ ಕಡೆ ಹುಟ್ಟಿಯೇ ತೀರುತ್ತವೆ, ಅವುಗಳನ್ನು ಅಳಿಸಲು ಹೊರಟರೆ ಸ್ವಾತಂತ್ರ್ಯವೇ ಅಳಿಯುತ್ತದೆ, ಆದ್ದರಿಂದ ದೇಶವನ್ನು ದೊಡ್ಡದಾಗಿಟ್ಟು ಯಾವ ಬಣವೂ ಇಡೀ ಸರ್ಕಾರವನ್ನು ಕಬಳಿಸದಂತೆ ನೋಡಿಕೊಳ್ಳಬೇಕು ಎಂಬುದು ಅವನ ವಾದ. ಬಣಗಳ ಬಗ್ಗೆ ಅಂಜಿಕೆ, ಆದರೆ ಅವುಗಳ ಮೇಲೆ ನಿಷೇಧ ಬೇಡ ಎಂಬ ಈ ನಿಲುವು ಅಮೆರಿಕದ ಕಾನೂನಿನಲ್ಲಿ ಇಂದಿಗೂ ಉಳಿದಿದೆ.

ಮೊದಲ ಪೀಳಿಗೆಯ ಪತ್ರಿಕೆಗಳು ಬಹಿರಂಗವಾಗಿಯೇ ಪಕ್ಷದ ಪತ್ರಿಕೆಗಳು. 1789ರಲ್ಲಿ ಜಾನ್ ಫೆನ್ನೊ ಆರಂಭಿಸಿದ ‘ಗೆಜೆಟ್ ಆಫ್ ದಿ ಯುನೈಟೆಡ್ ಸ್ಟೇಟ್ಸ್’ಗೆ ಅಲೆಕ್ಸಾಂಡರ್ ಹ್ಯಾಮಿಲ್ಟನ್ನನ ಬೆಂಬಲವಿತ್ತು. ಅದಕ್ಕೆ ಎದುರಾಗಿ 1791ರಲ್ಲಿ ‘ನ್ಯಾಷನಲ್ ಗೆಜೆಟ್’ ತೆಗೆದ ಕವಿ ಫಿಲಿಪ್ ಫ್ರೆನೊಗೆ ಥಾಮಸ್ ಜೆಫರ್ಸನ್ ತನ್ನ ವಿದೇಶಾಂಗ ಇಲಾಖೆಯಲ್ಲಿ ಅನುವಾದಕನ ಕೆಲಸ ಕೊಟ್ಟಿದ್ದ. 1798ರ ದೇಶದ್ರೋಹ ಕಾಯ್ದೆಯಡಿ ವಿರೋಧಿ ಸಂಪಾದಕರು ಜೈಲು ಸೇರಿದರು. ವರ್ಮಾಂಟಿನ ಸಂಸದ ಮ್ಯಾಥ್ಯೂ ಲಯನ್ ಇದೇ ಕಾಯ್ದೆಯಡಿ ಸೆರೆಯಾಗಿ, ಜೈಲಿನಲ್ಲಿದ್ದುಕೊಂಡೇ ಮರುಚುನಾಯಿತನಾದ. 1801ರಲ್ಲಿ ಕಾಯ್ದೆಯ ಅವಧಿ ಮುಗಿಯಿತು. ಇಷ್ಟೆಲ್ಲ ಕಹಿಯ ನಡುವೆಯೂ ಸರ್ಕಾರ ಮಾಡಿದ ಒಂದು ದೊಡ್ಡ ಉಪಕಾರ 1792ರ ಅಂಚೆ ಕಾಯ್ದೆ. ಅದು ಪತ್ರಿಕೆಗಳಿಗೆ ತೀರಾ ಅಗ್ಗದ ದರ ಕೊಟ್ಟಿತು. ಸಂಪಾದಕರು ಒಬ್ಬರಿಗೊಬ್ಬರು ಪತ್ರಿಕೆ ಕಳಿಸಿಕೊಳ್ಳುವುದು ಉಚಿತವಾಯಿತು. ದೂರದ ಊರುಗಳಿಗೂ ರಾಜಧಾನಿಯ ಸುದ್ದಿ ತಲುಪಿದ್ದು ಹೀಗೆ.

ಈ ಅಂಚೆಯನ್ನೇ ಬಳಸಿಕೊಂಡು ಹೊಸ ಬಗೆಯ ರಾಜಕೀಯವನ್ನು ಕಟ್ಟಿದವರು ಗುಲಾಮಗಿರಿಯ ವಿರೋಧಿಗಳು. ವಿಲಿಯಂ ಲಾಯ್ಡ್ ಗ್ಯಾರಿಸನ್ 1831ರಲ್ಲಿ ಬಾಸ್ಟನ್ನಿನಿಂದ ‘ಲಿಬರೇಟರ್’ ವಾರಪತ್ರಿಕೆ ಹೊರಡಿಸಿದ. 1833ರಲ್ಲಿ ಅಮೆರಿಕನ್ ಆ್ಯಂಟಿ-ಸ್ಲೇವರಿ ಸೊಸೈಟಿ ಸ್ಥಾಪನೆಯಾಯಿತು. ಎರಡು ವರ್ಷಗಳ ನಂತರ ಅದು ದಕ್ಷಿಣದ ರಾಜ್ಯಗಳಿಗೆ ರಾಶಿ ರಾಶಿ ಕರಪತ್ರಗಳನ್ನು ಅಂಚೆಯಲ್ಲಿ ಕಳಿಸಿದಾಗ ಚಾರ್ಲ್ಸ್‌ಟನ್ನಿನಲ್ಲಿ ಗುಂಪೊಂದು ಅಂಚೆ ಕಚೇರಿಗೆ ನುಗ್ಗಿ ಚೀಲಗಳನ್ನು ಹೊತ್ತೊಯ್ದು ಸುಟ್ಟುಹಾಕಿತು. ಅಹವಾಲುಗಳು ಕಾಂಗ್ರೆಸ್ಸಿಗೆ (ಅಲ್ಲಿನ ಸಂಸತ್ತಿಗೆ) ಹರಿದುಬಂದವು. ಅವುಗಳಿಗೆ ಸಹಿ ಸಂಗ್ರಹಿಸಿದವರಲ್ಲಿ ಮತದಾನದ ಹಕ್ಕೇ ಇಲ್ಲದ ಹೆಂಗಸರು ಬಹಳ ಮಂದಿ. ಕಾಟ ತಾಳಲಾರದೆ ಪ್ರತಿನಿಧಿ ಸಭೆ 1836ರಲ್ಲಿ ಇಂಥ ಅಹವಾಲುಗಳನ್ನು ಚರ್ಚೆಗೇ ತೆಗೆದುಕೊಳ್ಳಬಾರದೆಂದು ನಿಯಮ ಮಾಡಿತು. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆ್ಯಡಮ್ಸ್ ಆಗ ಸಭೆಯ ಸದಸ್ಯ. ಅವನು ಎಂಟು ವರ್ಷ ಹೋರಾಡಿ 1844ರಲ್ಲಿ ಆ ನಿಯಮವನ್ನು ತೆಗೆಸಿದ. ಗುಲಾಮಗಿರಿಯ ಪ್ರಶ್ನೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳದಿದ್ದ ಉತ್ತರದ ಅನೇಕರು ತಮ್ಮ ಅಹವಾಲಿನ ಹಕ್ಕಿಗೇ ಬೀಗ ಬಿತ್ತೆಂದು ಸಿಟ್ಟಾಗಿ ಹೋರಾಟದ ಕಡೆ ವಾಲಿದರು. ಸುಮ್ಮನಾಗಿಸಲು ಹೋಗಿ ಜಗಳವನ್ನು ಹಿಗ್ಗಿಸಿದ ಉದಾಹರಣೆಗಳಲ್ಲಿ ಇದು ಮೊದಲ ಸಾಲಿನದು.

ಇದೇ ಕಾಲದಲ್ಲಿ ಪತ್ರಿಕೋದ್ಯಮದ ಆರ್ಥಿಕತೆಯೂ ಬದಲಾಯಿತು. 1833ರಲ್ಲಿ ಬೆಂಜಮಿನ್ ಡೇ ನ್ಯೂಯಾರ್ಕಿನಲ್ಲಿ ‘ಸನ್’ ಪತ್ರಿಕೆಯನ್ನು ಒಂದು ಸೆಂಟಿಗೆ ಮಾರತೊಡಗಿದ. ಪತ್ರಿಕೆಯ ಬದುಕು ಪಕ್ಷದ ಕೃಪೆಯಿಂದ ಓದುಗರ ಸಂಖ್ಯೆಗೂ ಜಾಹೀರಾತಿಗೂ ವರ್ಗವಾಯಿತು. 1846ರಲ್ಲಿ ಹುಟ್ಟಿದ ಅಸೋಸಿಯೇಟೆಡ್ ಪ್ರೆಸ್ ಎಲ್ಲ ಪಕ್ಷಗಳ ಪತ್ರಿಕೆಗಳಿಗೂ ತಂತಿ ಸುದ್ದಿ ಮಾರಬೇಕಾಗಿದ್ದರಿಂದ, ಯಾರ ಪರವೂ ಅಲ್ಲದ ವರದಿಯ ಶೈಲಿ ಬೇರೂರಿತು.

ಸುಧಾರಣೆಯ ಯುಗ

ಒಂದೇ ಬೇಡಿಕೆ ಹಿಡಿದು ಇಡೀ ದೇಶವನ್ನು ಬಗ್ಗಿಸುವುದು ಹೇಗೆಂದು ತೋರಿಸಿಕೊಟ್ಟದ್ದು 1893ರಲ್ಲಿ ಒಹಾಯೊದ ಓಬರ್ಲಿನ್‌ನಲ್ಲಿ ಹುಟ್ಟಿದ ಆ್ಯಂಟಿ-ಸಲೂನ್ ಲೀಗ್. ಅಭ್ಯರ್ಥಿ ಯಾವ ಪಕ್ಷದವನು, ಸ್ವತಃ ಕುಡಿಯುತ್ತಾನೋ ಇಲ್ಲವೋ ಎಂಬುದು ಅದಕ್ಕೆ ಬೇಡವಾಗಿತ್ತು. ಪಾನನಿಷೇಧಕ್ಕೆ ಮತ ಹಾಕುತ್ತಾನೆಯೇ ಎಂಬುದಷ್ಟೇ ಮುಖ್ಯ. ಅದರ ನಾಯಕ ವೇಯ್ನ್ ವೀಲರ್, ಪೈಪೋಟಿ ಬಿಗಿಯಾಗಿರುವ ಕ್ಷೇತ್ರಗಳಲ್ಲಿ ಚರ್ಚುಗಳ ಮೂಲಕ ಒಂದಿಷ್ಟು ಮತಗಳನ್ನು ಆಚೀಚೆ ತಿರುಗಿಸಿ ಸದಸ್ಯರನ್ನು ಸೋಲಿಸುತ್ತಿದ್ದ. ಲೀಗ್ ಯಾವ ಪತ್ರಿಕೆಯನ್ನೂ ನೆಚ್ಚಿಕೊಳ್ಳದೆ ವೆಸ್ಟರ್‌ವಿಲ್ ಎಂಬ ಸಣ್ಣ ಊರಿನಲ್ಲಿ ತನ್ನದೇ ಮುದ್ರಣಾಲಯ ಹಾಕಿ ದೇಶದ ತುಂಬ ಪತ್ರಿಕೆ, ಭಿತ್ತಿಪತ್ರ, ಕೈಪಿಡಿಗಳನ್ನು ಹಂಚಿತು. 1919ರ 18ನೆಯ ತಿದ್ದುಪಡಿ ಈ ದುಡಿಮೆಯ ಫಲ. 1933ರಲ್ಲಿ ಅದು ರದ್ದಾಯಿತು, ವಿಧಾನ ಉಳಿಯಿತು. 1871ರಲ್ಲಿ ಗುರಿಕಾರಿಕೆ ಕಲಿಸಲೆಂದು ಹುಟ್ಟಿದ ನ್ಯಾಷನಲ್ ರೈಫಲ್ ಅಸೋಸಿಯೇಷನ್, 1977ರ ಸಿನ್ಸಿನಾಟಿ ಅಧಿವೇಶನದಲ್ಲಿ ಉಗ್ರ ಬಣದ ಕೈಗೆ ಬಂದ ಮೇಲೆ, ಪ್ರತಿ ಅಭ್ಯರ್ಥಿಗೂ ಶಾಲೆಯ ಅಂಕಪಟ್ಟಿಯಂತೆ ‘ಎ’ಯಿಂದ ‘ಎಫ್’ವರೆಗೆ ದರ್ಜೆ ಕೊಡುತ್ತ ಇದೇ ಹಾದಿಯಲ್ಲಿ ನಡೆದಿದೆ.

ಇನ್ನೊಂದು ಕಡೆ, ಮಾಸಪತ್ರಿಕೆಗಳ ತನಿಖಾ ಬರವಣಿಗೆ ದೊಡ್ಡ ಕಂಪನಿಗಳನ್ನು ಬೆಳಕಿಗೆ ಎಳೆಯಿತು. ಐಡಾ ಟಾರ್ಬೆಲ್ 1902ರಿಂದ ‘ಮೆಕ್‌ಕ್ಲೂರ್ಸ್’ನಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಚರಿತ್ರೆಯನ್ನು ದಾಖಲೆಗಳ ಸಮೇತ ಬರೆದಳು, 1911ರಲ್ಲಿ ಸುಪ್ರೀಂ ಕೋರ್ಟ್ ಆ ಕಂಪನಿಯನ್ನು ಒಡೆಯಿತು. ಅಪ್ಟನ್ ಸಿಂಕ್ಲೇರನ ‘ದಿ ಜಂಗಲ್’ ಪ್ರಕಟವಾದ 1906ರಲ್ಲೇ ಆಹಾರ ಮತ್ತು ಔಷಧ ಶುದ್ಧತೆಯ ಕಾಯ್ದೆಯೂ ಮಾಂಸ ತಪಾಸಣೆಯ ಕಾಯ್ದೆಯೂ ಬಂದವು.

ಕರಿಯರ ಹಕ್ಕುಗಳ ಹೋರಾಟ: ಎರಡು ಶಕ್ತಿಗಳ ಕೂಡುವಿಕೆ

ಮಾಧ್ಯಮ ಮತ್ತು ಹಿತಾಸಕ್ತಿ ಗುಂಪು ಒಂದನ್ನೊಂದು ಹೇಗೆ ಎತ್ತಿ ಹಿಡಿಯಬಲ್ಲವು ಎಂಬುದನ್ನು ತಿಳಿಯಲು 1909ರಲ್ಲಿ ಸ್ಥಾಪನೆಯಾದ ಎನ್‌ಎಎಸಿಪಿ ಎಂಬ ಕರಿಯರ ಹಕ್ಕುಗಳ ಸಂಘಟನೆಯ ಚರಿತ್ರೆಯನ್ನೇ ನೋಡಬೇಕು. ಮರುವರ್ಷವೇ ಅದು ‘ದಿ ಕ್ರೈಸಿಸ್’ ಮಾಸಿಕ ಆರಂಭಿಸಿ ಡಬ್ಲ್ಯು.ಇ.ಬಿ. ಡುಬೊಯಿಸ್‌ಗೆ ಸಂಪಾದಕತ್ವ ವಹಿಸಿತು. ದೊಡ್ಡ ಪತ್ರಿಕೆಗಳು ಮುಟ್ಟದ ಗುಂಪುಕೊಲೆಗಳ ವಿವರಗಳನ್ನು ಅದು ತಿಂಗಳು ತಿಂಗಳೂ ಅಚ್ಚು ಹಾಕಿತು. 1930ರ ದಶಕದಲ್ಲಿ, ದೇಶದ ಯಾವುದಾದರೂ ಮೂಲೆಯಲ್ಲಿ ಗುಂಪುಕೊಲೆ ನಡೆದ ಸುದ್ದಿ ಬಂದರೆ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂನಲ್ಲಿದ್ದ ಸಂಘದ ಕಚೇರಿಯ ಕಿಟಕಿಯಿಂದ ಒಂದು ಕಪ್ಪು ಬಾವುಟ ಹೊರಚಾಚುತ್ತಿತ್ತು. ನಿನ್ನೆ ಒಬ್ಬ ಮನುಷ್ಯನನ್ನು ಹೀಗೆ ಕೊಂದರು ಎಂಬ ಒಂದೇ ಸಾಲು ಅದರ ಮೇಲೆ ಬಿಳಿ ಅಕ್ಷರಗಳಲ್ಲಿ ಇತ್ತು. ಕೆಳಗೆ ಓಡಾಡುವ ಜನ ತಲೆ ಎತ್ತಿ ಓದಿಕೊಳ್ಳಬೇಕಾಗಿತ್ತು. ಗುಂಪುಕೊಲೆ ತಡೆ ಮಸೂದೆ 1922ರಲ್ಲೇ ಪ್ರತಿನಿಧಿ ಸಭೆಯಲ್ಲಿ ಪಾಸಾಗಿ ಸೆನೆಟ್‌ನಲ್ಲಿ ದಕ್ಷಿಣದ ಸದಸ್ಯರ ಅಡ್ಡಿಯಿಂದ ಸತ್ತಿತು. ಅಂಥ ಕಾಯ್ದೆ ಕೊನೆಗೂ ಬಂದದ್ದು 2022ರ ಮಾರ್ಚ್‌ನಲ್ಲಿ. ಅದಕ್ಕಿಟ್ಟ ಹೆಸರು ಎಮೆಟ್ ಟಿಲ್. ಮಿಸಿಸಿಪ್ಪಿಯಲ್ಲಿ 1955ರಲ್ಲಿ ಕೊಲೆಯಾದ 14 ವರ್ಷದ ಈ ಹುಡುಗನ ತಾಯಿ ಮ್ಯಾಮಿ ಟಿಲ್ ಮಗನ ಶವಪೆಟ್ಟಿಗೆಯನ್ನು ತೆರೆದೇ ಇಡಿಸಿದಳು. ಕರಿಯರ ವಾರಪತ್ರಿಕೆ ‘ಜೆಟ್’ ಆ ಮುಖದ ಚಿತ್ರವನ್ನು ಪ್ರಕಟಿಸಿತು.

1960ರ ಮಾರ್ಚ್ 29ರಂದು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಒಂದು ಪುಟದ ಜಾಹೀರಾತು ಬಂತು. ಮಾರ್ಟಿನ್ ಲೂಥರ್ ಕಿಂಗ್ ಅವರ ಕಾನೂನು ಹೋರಾಟಕ್ಕೆ ಹಣ ಕೂಡಿಸಲು ಒಂದು ಸಮಿತಿ ಕೊಟ್ಟ ಜಾಹೀರಾತು ಅದು. ಅದರಲ್ಲಿ ಸಣ್ಣ ತಪ್ಪುಗಳಿದ್ದವು. ಕಿಂಗ್ ನಾಲ್ಕು ಸಲ ಬಂಧಿತರಾಗಿದ್ದರೆ ಏಳು ಸಲ ಎಂದಿತ್ತು. ವಿದ್ಯಾರ್ಥಿಗಳು ಹಾಡಿದ್ದು ರಾಷ್ಟ್ರಗೀತೆ, ಅಲ್ಲಿ ಬೇರೊಂದು ದೇಶಭಕ್ತಿ ಗೀತೆಯ ಹೆಸರಿತ್ತು. ಅಲಬಾಮಾದಲ್ಲಿ ಆ ದಿನದ ಪತ್ರಿಕೆ ಮಾರಾಟವಾದದ್ದು ಕೇವಲ 394 ಪ್ರತಿ. ಆದರೂ ಮಾಂಟ್‌ಗೊಮರಿ ನಗರದ ಪೊಲೀಸ್ ಉಸ್ತುವಾರಿ ಹೊತ್ತಿದ್ದ ಎಲ್.ಬಿ. ಸಲಿವನ್, ಜಾಹೀರಾತಿನಲ್ಲಿ ತನ್ನ ಹೆಸರೇ ಇಲ್ಲದಿದ್ದರೂ, ಮಾನನಷ್ಟದ ದಾವೆ ಹೂಡಿ ಸ್ಥಳೀಯ ಜ್ಯೂರಿಯಿಂದ 5 ಲಕ್ಷ ಡಾಲರ್ ಗೆದ್ದ. ಇಂಥ ದಾವೆಗಳು ಸಾಲುಗಟ್ಟಿದವು. ಉತ್ತರದ ಪತ್ರಿಕೆಗಳ ವರದಿಗಾರರು ದಕ್ಷಿಣಕ್ಕೆ ಕಾಲಿಡದಂತೆ ಮಾಡುವುದೇ ಇವುಗಳ ಗುರಿಯಾಗಿತ್ತು. 1964ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪನ್ನು ತಿರುಗಿಸಿತು. ಸುಳ್ಳೆಂದು ಗೊತ್ತಿದ್ದೂ ಬರೆದರು ಅಥವಾ ಸತ್ಯಾಸತ್ಯದ ಪರಿವೆಯೇ ಇಲ್ಲದೆ ಬರೆದರು ಎಂದು ಸಾಬೀತುಪಡಿಸದ ಹೊರತು ಸಾರ್ವಜನಿಕ ಅಧಿಕಾರಿಗೆ ಮಾನನಷ್ಟ ಪರಿಹಾರ ಇಲ್ಲ ಎಂದಿತು. ಅಮೆರಿಕದ ಪತ್ರಿಕಾ ಸ್ವಾತಂತ್ರ್ಯದ ಅತಿ ಗಟ್ಟಿ ಗೋಡೆ ಹೀಗೆ ಒಂದು ಹೋರಾಟದ ಗುಂಪಿನ ಜಾಹೀರಾತಿನಿಂದ ಎದ್ದಿತು ಎಂಬುದನ್ನು ಮರೆಯಬಾರದು. ಆ ಗೋಡೆಗೂ ಮಿತಿ ಇದೆ: 2020ರ ಚುನಾವಣೆಯಲ್ಲಿ ಮತಯಂತ್ರಗಳಿಂದ ಮೋಸವಾಯಿತೆಂಬ ಆರೋಪಗಳನ್ನು ಬಿತ್ತರಿಸಿದ ಫಾಕ್ಸ್ ನ್ಯೂಸ್, ಯಂತ್ರ ತಯಾರಕ ಡೊಮಿನಿಯನ್ ಕಂಪನಿಗೆ 2023ರಲ್ಲಿ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ರೇಡಿಯೊ, ಟಿವಿ ಮತ್ತು ಅಧ್ಯಕ್ಷ ಪದವಿ

ರೇಡಿಯೊ ಬಂದ ಮೇಲೆ ಅಧ್ಯಕ್ಷರು ಸಂಪಾದಕರನ್ನೂ ಗುಂಪುಗಳನ್ನೂ ದಾಟಿ ನೇರವಾಗಿ ಮನೆಗಳಿಗೆ ಮಾತನಾಡತೊಡಗಿದರು. 1933ರ ಮಾರ್ಚ್ 12ರ ಭಾನುವಾರ ರಾತ್ರಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಬ್ಯಾಂಕುಗಳನ್ನು ಯಾಕೆ ಮುಚ್ಚಬೇಕಾಯಿತೆಂದು ಸರಳವಾಗಿ ವಿವರಿಸಿದರು; ಬ್ಯಾಂಕುಗಳು ಮತ್ತೆ ತೆರೆದಾಗ ಜನ ಹಣ ತೆಗೆಯುವ ಬದಲು ಕಟ್ಟಲು ಸಾಲು ನಿಂತರು. ಟಿವಿಯಲ್ಲಿ 1954ರಲ್ಲಿ ಎಡ್ವರ್ಡ್ ಮರ್ರೊ ಸೆನೆಟರ್ ಮೆಕಾರ್ಥಿಯ ಬೆದರಿಕೆಯ ರಾಜಕೀಯವನ್ನು ಅವನದೇ ಮಾತುಗಳ ತುಣುಕುಗಳಿಂದ ಬಯಲು ಮಾಡಿದ. 1960ರ ಸೆಪ್ಟೆಂಬರ್ 26ರ ಕೆನಡಿ–ನಿಕ್ಸನ್ ಚರ್ಚೆಯನ್ನು ಸುಮಾರು 7 ಕೋಟಿ ಜನ ನೋಡಿದರು. ವಿಯೆಟ್ನಾಂ ಯುದ್ಧದ ರಹಸ್ಯ ವರದಿಯನ್ನು ಬಯಲಿಗೆ ತಂದ 1971ರ ಪೆಂಟಗನ್ ದಾಖಲೆಗಳ ಪ್ರಕರಣ, 1974ರಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆಯಲ್ಲಿ ಮುಗಿದ ವಾಟರ್‌ಗೇಟ್ ಹಗರಣ, ಪತ್ರಿಕೆಗಳ ವರ್ಚಸ್ಸನ್ನು ಶಿಖರಕ್ಕೇರಿಸಿದವು.

ಪ್ರಸಾರ ಕೇಂದ್ರಗಳು ವಿವಾದದ ವಿಷಯಗಳಲ್ಲಿ ಎರಡೂ ಕಡೆಯ ವಾದಕ್ಕೆ ಅವಕಾಶ ಕೊಡಬೇಕೆಂಬ 1949ರ ನಿಯಮವನ್ನು ಪ್ರಸಾರ ಆಯೋಗ (ಎಫ್‌ಸಿಸಿ) 1987ರಲ್ಲಿ ಕೈಬಿಟ್ಟಿತು. ಮರುವರ್ಷವೇ ರಷ್ ಲಿಂಬೊನ ಮಾತಿನ ಕಾರ್ಯಕ್ರಮ ದೇಶದಾದ್ಯಂತ ಹರಡತೊಡಗಿತು. 1980ರ ಸಿಎನ್‌ಎನ್ ನಂತರ 1996ರಲ್ಲಿ ಎಂಎಸ್‌ಎನ್‌ಬಿಸಿ ಮತ್ತು ಫಾಕ್ಸ್ ನ್ಯೂಸ್ ಬಂದವು. ಹತ್ತೊಂಬತ್ತನೆಯ ಶತಮಾನದ ಪಕ್ಷ ಪತ್ರಿಕೆಯ ಗುಣ ಕೇಬಲ್ ಟಿವಿಯಲ್ಲಿ ಮರಳಿತು ಎಂದರೆ ತಪ್ಪಾಗದು. ಮಾಧ್ಯಮ ಜನರ ಅಭಿಪ್ರಾಯವನ್ನು ಬದಲಿಸುವುದಕ್ಕಿಂತ ಯಾವ ವಿಷಯದ ಬಗ್ಗೆ ಅವರು ಯೋಚಿಸಬೇಕು ಎಂಬುದನ್ನು ಹೆಚ್ಚು ನಿರ್ಧರಿಸುತ್ತದೆ ಎಂಬ ಸಂಗತಿಯನ್ನು ಮೆಕೂಂಬ್ಸ್ ಮತ್ತು ಶಾ ಎಂಬ ಸಂಶೋಧಕರು 1968ರ ಚುನಾವಣೆಯ ಹೊತ್ತಿಗೆ ಚಾಪೆಲ್ ಹಿಲ್ ಪಟ್ಟಣದ ಮತದಾರರನ್ನು ಮಾತನಾಡಿಸಿ ಕಂಡುಕೊಂಡರು.

ಆರೋಗ್ಯ ವಿಮೆ: ಆರು ದಶಕಗಳ ಪ್ರಚಾರಯುದ್ಧ

ಹಣವಿರುವ ಗುಂಪು ಮಾಧ್ಯಮವನ್ನು ಹೇಗೆ ಬಳಸಿಕೊಳ್ಳುತ್ತದೆ ಎಂಬುದಕ್ಕೆ ಆರೋಗ್ಯ ವಿಮೆಯ ಕಥೆಗಿಂತ ಸ್ಪಷ್ಟ ಉದಾಹರಣೆ ಇಲ್ಲ. ಅಧ್ಯಕ್ಷ ಟ್ರೂಮನ್ ಎಲ್ಲರಿಗೂ ಸರ್ಕಾರಿ ವಿಮೆ ತರುವುದಾಗಿ ಹೇಳಿ 1948ರಲ್ಲಿ ಗೆದ್ದಾಗ, ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ತನ್ನ ಸದಸ್ಯ ವೈದ್ಯರಿಂದ ತಲಾ 25 ಡಾಲರ್ ವಂತಿಗೆ ಎತ್ತಿ, ಕ್ಯಾಲಿಫೋರ್ನಿಯಾದ ಕ್ಲೆಮ್ ವಿಟಕರ್ ಮತ್ತು ಲಿಯೋನ್ ಬ್ಯಾಕ್ಸ್‌ಟರ್ ದಂಪತಿಯನ್ನು ನೇಮಿಸಿಕೊಂಡಿತು. ಚುನಾವಣಾ ಪ್ರಚಾರವನ್ನೇ ವೃತ್ತಿಯಾಗಿ ಮಾಡಿಕೊಂಡ ಮೊದಲ ಸಂಸ್ಥೆ ಇವರದು. ಸಣ್ಣ ಊರುಗಳ ಪತ್ರಿಕೆಗಳಿಗೆ ಸಿದ್ಧ ಲೇಖನ, ಸಿದ್ಧ ಸಂಪಾದಕೀಯಗಳನ್ನು ಪುಕ್ಕಟೆ ಕಳಿಸುವುದು ಇವರು ಕ್ಯಾಲಿಫೋರ್ನಿಯಾದಲ್ಲಿ ಪಳಗಿಸಿಕೊಂಡಿದ್ದ ಉಪಾಯ. ಹಾಸಿಗೆ ಹಿಡಿದ ಮಗುವಿನ ಪಕ್ಕ ಚಿಂತಾಕ್ರಾಂತನಾಗಿ ಕುಳಿತ ವೈದ್ಯನನ್ನು ಚಿತ್ರಿಸಿದ ಲೂಕ್ ಫೈಲ್ಡ್ಸ್‌ನ ಹಳೆಯ ವರ್ಣಚಿತ್ರವನ್ನು ಅಚ್ಚು ಹಾಕಿಸಿ, ಇದರ ನಡುವೆ ರಾಜಕೀಯ ಬರಬಾರದೆಂಬ ಮಾತು ಸೇರಿಸಿ, ದೇಶದ ವೈದ್ಯರ ಕಾಯುವ ಕೋಣೆಗಳಲ್ಲಿ ತೂಗುಹಾಕಿಸಿದರು. ಕಾಯಿಲೆಯವನು ವೈದ್ಯನ ಮುಂದೆ ಕೂರುವ ಮೊದಲೇ ಸಂದೇಶ ಅವನನ್ನು ತಲುಪಿರುತ್ತಿತ್ತು. 1950ರ ಅಕ್ಟೋಬರಿನಲ್ಲಿ ಎರಡೇ ವಾರಗಳಲ್ಲಿ 10,000ಕ್ಕೂ ಹೆಚ್ಚು ಪತ್ರಿಕೆಗಳಿಗೆ ಜಾಹೀರಾತು ಹೋಯಿತು. ಟ್ರೂಮನ್ ಯೋಜನೆ ಮಣ್ಣುಪಾಲಾಯಿತು.

ವೃದ್ಧರಿಗಾದರೂ ವಿಮೆ ಸಿಗಲೆಂಬ ಮಸೂದೆ 1961ರಲ್ಲಿ ಬಂದಾಗ ವೈದ್ಯರ ಪತ್ನಿಯರು ನೆರೆಹೊರೆಯ ಹೆಂಗಸರನ್ನು ಕಾಫಿಗೆ ಕರೆದು ಗ್ರಾಮಫೋನ್ ತಟ್ಟೆಯೊಂದನ್ನು ಕೇಳಿಸತೊಡಗಿದರು. ಅದರಲ್ಲಿ ಸರ್ಕಾರಿ ವೈದ್ಯಕೀಯದ ಅಪಾಯದ ಬಗ್ಗೆ ಮಾತನಾಡಿದ ನಟ ರೊನಾಲ್ಡ್ ರೇಗನ್. ತಟ್ಟೆ ಮುಗಿದ ಮೇಲೆ ಕಾಫಿ ಬಟ್ಟಲಿನ ಜೊತೆಗೇ ಕಾಗದ, ಪೆನ್ನು. ಬಂದವರು ತಮ್ಮ ಸಂಸದರಿಗೆ ಪತ್ರ ಬರೆಯುತ್ತಿದ್ದರು. ಆದರೂ ಕಾರ್ಮಿಕ ಒಕ್ಕೂಟಗಳೂ ವೃದ್ಧರ ಸಂಘಟನೆಗಳೂ ಬಿಡದೆ ಹೋರಾಡಿ, 1964ರ ಚುನಾವಣೆಯಲ್ಲಿ ಡೆಮಾಕ್ರಟರಿಗೆ ಭಾರಿ ಬಹುಮತ ಬಂದ ಮೇಲೆ, 1965ರ ಜುಲೈ 30ರಂದು ಮೆಡಿಕೇರ್ ಕಾಯ್ದೆಯಾಯಿತು. ಸಹಿ ಹಾಕಲು ಅಧ್ಯಕ್ಷ ಜಾನ್ಸನ್ ಟ್ರೂಮನ್ ಅವರ ಊರಾದ ಇಂಡಿಪೆಂಡೆನ್ಸ್‌ಗೇ ಹೋಗಿ ಮೊದಲ ಕಾರ್ಡನ್ನು ಅವರ ಕೈಗಿತ್ತರು.

1993ರಲ್ಲಿ ಕ್ಲಿಂಟನ್ ಯೋಜನೆಯ ಸರದಿ. ವಿಮಾ ಕಂಪನಿಗಳ ಸಂಘ ಟಿವಿಯಲ್ಲಿ ಜಾಹೀರಾತು ಸರಣಿಯೊಂದನ್ನು ಬಿಟ್ಟಿತು. ಹ್ಯಾರಿ, ಲೂಯಿಸ್ ಎಂಬ ಮಧ್ಯಮ ವರ್ಗದ ಗಂಡ ಹೆಂಡತಿ ಅಡುಗೆಮನೆಯ ಮೇಜಿನ ಮುಂದೆ ಕಾಗದಪತ್ರ ಹರಡಿಕೊಂಡು, ಹೊಸ ಯೋಜನೆ ಬಂದರೆ ತಮಗೆ ಬೇಕಾದ ವಿಮೆ ಸಿಗುತ್ತದೋ ಇಲ್ಲವೋ ಎಂದು ಆತಂಕ ಪಡುತ್ತಾರೆ. ಜಾಹೀರಾತು ಆಯ್ದ ಕೆಲವು ಮಾರುಕಟ್ಟೆಗಳಲ್ಲಿ ಮಾತ್ರ ಹಣ ಕೊಟ್ಟು ಪ್ರಸಾರವಾದದ್ದು. ಶ್ವೇತಭವನ ಅದಕ್ಕೆ ಉತ್ತರ ಕೊಡಲು ಹೊರಟಾಗ ಸುದ್ದಿ ವಾಹಿನಿಗಳು ಜಾಹೀರಾತನ್ನೇ ಸುದ್ದಿ ಮಾಡಿ ಮತ್ತೆ ಮತ್ತೆ ತೋರಿಸಿದವು. ದುಡ್ಡು ಕೊಟ್ಟು ಕೊಂಡದ್ದಕ್ಕಿಂತ ಹೆಚ್ಚು ಪ್ರಚಾರ ಬಿಟ್ಟಿಯಾಗಿ ಸಿಕ್ಕಿತು. ಯೋಜನೆಯಲ್ಲಿ ಏನಿದೆ ಎಂಬುದನ್ನು ವಿವರಿಸುವ ಬದಲು ಯಾರು ಗೆಲ್ಲುತ್ತಿದ್ದಾರೆ ಎಂದು ಲೆಕ್ಕ ಹಾಕುವ ವರದಿಗಾರಿಕೆ ಅಲ್ಲಿ ತನ್ನ ಕರ್ತವ್ಯದಲ್ಲಿ ಸೋತಿತು. 1994ರ ಸೆಪ್ಟೆಂಬರಿನಲ್ಲಿ ಮಸೂದೆಯನ್ನು ಕೈಬಿಡಲಾಯಿತು. ಈ ಪಾಠ ಕಲಿತ ಒಬಾಮ ಆಡಳಿತ ಔಷಧ ಕಂಪನಿಗಳೊಂದಿಗೆ ಮೊದಲೇ ಒಪ್ಪಂದಕ್ಕೆ ಬಂದು 2010ರಲ್ಲಿ ಕಾಯ್ದೆಯನ್ನು ದಡ ಸೇರಿಸಿತು.

ಲಾಬಿಯ ದಿನನಿತ್ಯ

ಟಿವಿಯಲ್ಲಿ ಕಾಣುವುದು ಲಾಬಿಯ ಸಣ್ಣ ಪಾಲು. ವಾಷಿಂಗ್ಟನ್ನಿನ ‘ಕೆ ಸ್ಟ್ರೀಟ್’ ಸುತ್ತಮುತ್ತಲ ಕಚೇರಿಗಳ ನಿಜವಾದ ಕೆಲಸ ಮಸೂದೆಯ ಒಂದು ಉಪವಿಧಿಯನ್ನು ತಿದ್ದಿಸುವುದು, ಸಮಿತಿಯ ಸಿಬ್ಬಂದಿಗೆ ಅಂಕಿ ಅಂಶ ಒದಗಿಸುವುದು, ಕಾಯ್ದೆ ಬಂದ ಮೇಲೆ ಇಲಾಖೆ ರೂಪಿಸುವ ನಿಯಮಗಳ ಮೇಲೆ ಕಣ್ಣಿಡುವುದು. 1995ರ ಲಾಬಿ ಬಹಿರಂಗ ಕಾಯ್ದೆಯಂತೆ ಲಾಬಿಗಾರರು ಹೆಸರು ನೋಂದಾಯಿಸಿ ಖರ್ಚಿನ ಲೆಕ್ಕ ಕೊಡಬೇಕು. ಲಾಬಿಗಾರ ಜಾಕ್ ಅಬ್ರಮಾಫ್‌ನ ಲಂಚ ಹಗರಣದ ನಂತರ 2007ರಲ್ಲಿ ನಿಯಮಗಳನ್ನು ಬಿಗಿ ಮಾಡಿದರು. ನೋಂದಾಯಿತರ ಸಂಖ್ಯೆ 12,000ದ ಆಸುಪಾಸಿನಲ್ಲಿದ್ದು, ಒಕ್ಕೂಟ ಸರ್ಕಾರದ ಮಟ್ಟದ ಖರ್ಚು ಇತ್ತೀಚಿನ ವರ್ಷಗಳಲ್ಲಿ ವಾರ್ಷಿಕ 400 ಕೋಟಿ ಡಾಲರ್ ದಾಟಿದೆ. ನಿವೃತ್ತ ಸಂಸದರೂ ಅಧಿಕಾರಿಗಳೂ ಲಾಬಿ ಸಂಸ್ಥೆ ಸೇರುವುದು, ಅಲ್ಲಿಂದ ಮತ್ತೆ ಸರ್ಕಾರಕ್ಕೆ ಬರುವುದು ಮಾಮೂಲು.

ಬೆಂಗಳೂರಿನ ಐಟಿ ಮನೆಗಳಿಗೆ ಚಿರಪರಿಚಿತವಾದ ಎಚ್-1ಬಿ ವೀಸಾ ಇದಕ್ಕೆ ಒಳ್ಳೆಯ ನಿದರ್ಶನ. ವರ್ಷಕ್ಕೆ 65,000 ಮತ್ತು ಅಮೆರಿಕದಲ್ಲಿ ಉನ್ನತ ಪದವಿ ಪಡೆದವರಿಗೆ ಇನ್ನೂ 20,000 ಎಂಬ ಮಿತಿಯನ್ನು ಏರಿಸಲು ತಂತ್ರಜ್ಞಾನ ಕಂಪನಿಗಳು ದಶಕಗಳಿಂದ ಒತ್ತಾಯಿಸುತ್ತಿವೆ. ಕಾರ್ಮಿಕ ಒಕ್ಕೂಟಗಳೂ ಅಲ್ಲಿನ ಎಂಜಿನಿಯರರ ಸಂಘಟನೆಗಳೂ ಎದುರು ನಿಂತಿವೆ. ಎರಡೂ ಕಡೆ ಬಲವಾಗಿರುವುದರಿಂದ ಮಿತಿ ಇದ್ದಲ್ಲೇ ಇದೆ.

ಇಲಾಖೆಗಳು ನಿಯಮ ಮಾಡುವ ಮೊದಲು ಸಾರ್ವಜನಿಕರ ಅಭಿಪ್ರಾಯ ಕೇಳಬೇಕೆಂದು 1946ರ ಕಾಯ್ದೆ ಹೇಳುತ್ತದೆ. ಈ ಒಳ್ಳೆಯ ಬಾಗಿಲನ್ನೂ ಕೆಡಿಸಿದ್ದಾಗಿದೆ. ಅಂತರ್ಜಾಲದ ಸಮಾನ ಸೇವೆಯ ನಿಯಮವನ್ನು ತೆಗೆದುಹಾಕುವ ಪ್ರಸ್ತಾವಕ್ಕೆ 2017ರಲ್ಲಿ ಸುಮಾರು 2.2 ಕೋಟಿ ಅಭಿಪ್ರಾಯಗಳು ಬಂದವು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ 2021ರಲ್ಲಿ ಕೊಟ್ಟ ವರದಿಯ ಪ್ರಕಾರ ಅವುಗಳಲ್ಲಿ ಹತ್ತಿರ ಹತ್ತಿರ 1.8 ಕೋಟಿ ನಕಲಿ. ಸುಮಾರು 85 ಲಕ್ಷ ಬ್ರಾಡ್‌ಬ್ಯಾಂಡ್ ಕಂಪನಿಗಳ ಹಣದಿಂದ, ಜನರ ಹೆಸರು ವಿಳಾಸಗಳನ್ನು ಅವರಿಗೆ ತಿಳಿಯದಂತೆ ಬಳಸಿ ಹಾಕಿಸಿದವು. ಎದುರು ಪಕ್ಷದ ಕಡೆಯಿಂದ 19 ವರ್ಷದ ಒಬ್ಬ ಕಾಲೇಜು ವಿದ್ಯಾರ್ಥಿ ಒಬ್ಬನೇ 77 ಲಕ್ಷ ಹಾಕಿದ್ದ.

ಚುನಾವಣಾ ಹಣ

ಕಂಪನಿಗಳು ಅಭ್ಯರ್ಥಿಗಳಿಗೆ ನೇರ ದೇಣಿಗೆ ಕೊಡುವುದನ್ನು 1907ರ ಟಿಲ್ಮನ್ ಕಾಯ್ದೆ ನಿಷೇಧಿಸಿತು. ವಾಟರ್‌ಗೇಟ್ ನಂತರ 1974ರಲ್ಲಿ ದೇಣಿಗೆಗೂ ಖರ್ಚಿಗೂ ಮಿತಿ ಬಂತು. 1976ರಲ್ಲಿ ಸುಪ್ರೀಂ ಕೋರ್ಟ್ ದೇಣಿಗೆಯ ಮಿತಿಯನ್ನು ಉಳಿಸಿ ಖರ್ಚಿನ ಮಿತಿಯನ್ನು ಮಾತಿನ ಸ್ವಾತಂತ್ರ್ಯಕ್ಕೆ ಅಡ್ಡಿಯೆಂದು ಕಿತ್ತುಹಾಕಿತು. 2010ರ ಜನವರಿಯ ಸಿಟಿಜನ್ಸ್ ಯುನೈಟೆಡ್ ತೀರ್ಪು, 5–4 ಮತಗಳಿಂದ, ಕಂಪನಿಗಳೂ ಒಕ್ಕೂಟಗಳೂ ಅಭ್ಯರ್ಥಿಯಿಂದ ಸ್ವತಂತ್ರವಾಗಿ ಎಷ್ಟು ಬೇಕಾದರೂ ಖರ್ಚು ಮಾಡಬಹುದೆಂದಿತು. ಅದೇ ವರ್ಷ ಮತ್ತೊಂದು ನ್ಯಾಯಾಲಯದ ತೀರ್ಪಿನಿಂದ ಮಿತಿಯಿಲ್ಲದೆ ಹಣ ಎತ್ತುವ ‘ಸೂಪರ್ ಪ್ಯಾಕ್’ಗಳು ಹುಟ್ಟಿದವು. 2020ರ ಚುನಾವಣೆಗಳ ಒಟ್ಟು ಖರ್ಚು 1,400 ಕೋಟಿ ಡಾಲರ್ ಮೀರಿತು. ಈ ಹಣದ ದೊಡ್ಡ ಪಾಲು ಜಾಹೀರಾತಾಗಿ ಟಿವಿ ಕೇಂದ್ರಗಳಿಗೆ ಸೇರುತ್ತದೆ. ಚುನಾವಣೆ ಹತ್ತಿರವಿರುವಾಗ ಅಭ್ಯರ್ಥಿಗಳಿಗೆ ಅತಿ ಕಡಿಮೆ ದರದಲ್ಲಿ ಜಾಹೀರಾತು ಕೊಡಬೇಕೆಂಬ ನಿಯಮವಿದೆ, ಸೂಪರ್ ಪ್ಯಾಕ್‌ಗಳಿಗೆ ಆ ರಿಯಾಯಿತಿ ಇಲ್ಲ. ಹೀಗಾಗಿ ಹೊರಗಿನ ಗುಂಪುಗಳ ಹಣ ಹೆಚ್ಚಿದಷ್ಟೂ ಕೇಂದ್ರಗಳಿಗೆ ಲಾಭ. ಪ್ರಚಾರದ ಹಣದ ಬಗ್ಗೆ ಪ್ರಶ್ನೆ ಕೇಳಬೇಕಾದವರೇ ಅದರ ಫಲಾನುಭವಿಗಳು.

ಹಣ ಯಾವಾಗಲೂ ಗೆಲ್ಲುವುದಿಲ್ಲ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದ ಉದ್ಯಮಿ ಶ್ರೀ ಥಾನೇದಾರ್ 2022ರಲ್ಲಿ ಡೆಟ್ರಾಯಿಟ್ ಭಾಗದ ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪ್ರೈಮರಿಗೆ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಗೆ) ನಿಂತಾಗ, ಇಸ್ರೇಲ್ ಪರ ಸಂಘಟನೆ ಐಪ್ಯಾಕ್‌ಗೆ ಸೇರಿದ ಸೂಪರ್ ಪ್ಯಾಕ್ ಅವರ ಪ್ರತಿಸ್ಪರ್ಧಿಯ ಪರವಾಗಿ 40 ಲಕ್ಷ ಡಾಲರಿಗೂ ಹೆಚ್ಚು ಸುರಿಯಿತು. ಗೆದ್ದವರು ಥಾನೇದಾರ್. ಆದರೆ ಅವರೂ ಸ್ವಂತ ಸಂಪತ್ತನ್ನು ಧಾರಾಳವಾಗಿ ಹೂಡಿದವರು. ಹೊರಗಿನ ಹಣವನ್ನು ಎದುರಿಸಲು ಮನೆಯ ಹಣ ಬೇಕಾಯಿತು.

ಗುಂಪುಗಳ ಸ್ಪರ್ಧೆಯಿಂದ ಸಮತೋಲ ತಾನಾಗಿ ಬರುತ್ತದೆ ಎಂದು 1950ರ ದಶಕದಲ್ಲಿ ಡೇವಿಡ್ ಟ್ರೂಮನ್‌ರಂಥ ವಿದ್ವಾಂಸರು ನಂಬಿದ್ದರು. ಮಾನ್‌ಸರ್ ಓಲ್ಸನ್ 1965ರಲ್ಲಿ ಆ ನಂಬಿಕೆಯ ಬುಡ ಅಲ್ಲಾಡಿಸಿದ: ಕೆಲವರಿಗೆ ದೊಡ್ಡ ಲಾಭವಿದ್ದರೆ ಅವರು ಸುಲಭವಾಗಿ ಸಂಘಟಿತರಾಗುತ್ತಾರೆ, ಕೋಟಿ ಜನರಿಗೆ ತಲಾ ಸಣ್ಣ ನಷ್ಟವಾದರೆ ಯಾರೂ ಮುಂದೆ ಬರುವುದಿಲ್ಲ. ಗಿಲೆನ್ಸ್ ಮತ್ತು ಪೇಜ್ 2014ರಲ್ಲಿ 1,779 ನೀತಿ ಪ್ರಶ್ನೆಗಳನ್ನು ಪರಿಶೀಲಿಸಿ, ಸಾಮಾನ್ಯರ ಅಭಿಪ್ರಾಯಕ್ಕೆ ಸ್ವತಂತ್ರವಾದ ಪ್ರಭಾವ ಇಲ್ಲವೆನ್ನುವಷ್ಟು ಕಡಿಮೆ ಎಂದರು. ಅವರ ಲೆಕ್ಕದ ವಿಧಾನದ ಬಗ್ಗೆ ಆಕ್ಷೇಪಗಳೂ ಬಂದಿವೆ.

ಸ್ಥಳೀಯ ಪತ್ರಿಕೆಗಳ ಕುಸಿತ

ಲಾಬಿಯ ಬಲ ಕೇವಲ ಅದರ ಹಣದಿಂದ ಅಳೆಯುವಂಥದಲ್ಲ. ಎದುರಿಗೆ ನೋಡುವ ಕಣ್ಣು ಎಷ್ಟಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. 2005ರಿಂದೀಚೆಗೆ ಅಮೆರಿಕ ತನ್ನ ಪತ್ರಿಕೆಗಳಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚನ್ನು ಕಳೆದುಕೊಂಡಿದೆ. ಜಾಹೀರಾತು ಗೂಗಲ್, ಫೇಸ್‌ಬುಕ್‌ಗಳ ಪಾಲಾಯಿತು. ಬಳಕೆದಾರರು ಬರೆದದ್ದಕ್ಕೆ ವೇದಿಕೆಗಳು ಹೊಣೆಯಲ್ಲ ಎಂಬ 1996ರ ಕಾನೂನು ಅವುಗಳಿಗೆ ರಕ್ಷೆಯಾಯಿತು. ಡೆನ್ವರಿನ ‘ರಾಕಿ ಮೌಂಟನ್ ನ್ಯೂಸ್’ 1859ರಿಂದ ನಡೆದು 2009ರ ಫೆಬ್ರುವರಿಯಲ್ಲಿ ನಿಂತಿತು. ಪ್ಯೂ ಸಂಶೋಧನಾ ಕೇಂದ್ರದ ಅಧ್ಯಯನದಂತೆ, ರಾಜ್ಯ ಶಾಸನಸಭೆಗಳಲ್ಲಿ ಪೂರ್ಣಾವಧಿ ವರದಿ ಮಾಡುವ ಪತ್ರಿಕಾ ವರದಿಗಾರರು ಹೋಲಿಸಬಹುದಾದ ಪತ್ರಿಕೆಗಳಲ್ಲಿ 2003ರಲ್ಲಿ 467 ಇದ್ದವರು 2014ಕ್ಕೆ 303ಕ್ಕೆ ಇಳಿದರು. ಅದೇ ಶಾಸನಸಭೆಗಳಿಗೆ ಹಿತಾಸಕ್ತಿ ಗುಂಪುಗಳು ಸಿದ್ಧ ಮಸೂದೆಗಳನ್ನು ಬರೆದು ಕೊಡುತ್ತವೆ. ‘ಯುಎಸ್‌ಎ ಟುಡೇ’ ಮತ್ತು ಸಂಗಡಿಗರು 2019ರಲ್ಲಿ ನಡೆಸಿದ ತನಿಖೆಯಲ್ಲಿ, ಎಂಟು ವರ್ಷಗಳಲ್ಲಿ ಹೀಗೆ ನಕಲಾದ 10,000ಕ್ಕೂ ಹೆಚ್ಚು ಮಸೂದೆಗಳು ಸಿಕ್ಕವು. ಅವುಗಳಲ್ಲಿ 2,100ಕ್ಕೂ ಹೆಚ್ಚು ಕಾಯ್ದೆಯಾಗಿದ್ದವು.

ಕಣ್ಣಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಲಾಸ್ ಏಂಜಲೀಸ್ ಬಳಿಯ ಬೆಲ್ ಎಂಬ ಪುಟ್ಟ ನಗರವನ್ನು ನೋಡಬಹುದು. 40,000ಕ್ಕಿಂತ ಕಡಿಮೆ ಜನ, ಹೆಚ್ಚಿನವರು ದುಡಿಮೆಗಾರ ವಲಸಿಗರು. 2005ರಲ್ಲಿ ಅಲ್ಲಿನ ನಗರಸಭೆ ವಿಶೇಷ ಚುನಾವಣೆಯೊಂದನ್ನಿಟ್ಟು, ಸದಸ್ಯರ ವೇತನಕ್ಕೆ ರಾಜ್ಯ ಹಾಕಿದ್ದ ಮಿತಿಯಿಂದ ಊರನ್ನು ತಪ್ಪಿಸಿಕೊಂಡಿತು. ಮತ ಹಾಕಿದವರು 400 ಮಂದಿಯೂ ಇರಲಿಲ್ಲ. ದಿನವೂ ನಗರಸಭೆಯಲ್ಲಿ ಕೂರುವ ವರದಿಗಾರನೊಬ್ಬನೂ ಇರಲಿಲ್ಲ. 2010ರ ಜುಲೈನಲ್ಲಿ ‘ಲಾಸ್ ಏಂಜಲೀಸ್ ಟೈಮ್ಸ್’ ಪಕ್ಕದ ಊರಿನ ಲೆಕ್ಕ ನೋಡಲು ಹೋಗಿ ಬೆಲ್‌ನ ದಾಖಲೆ ಕೇಳಿದಾಗ, ನಗರದ ಮುಖ್ಯಾಧಿಕಾರಿಯ ಸಂಬಳ ವರ್ಷಕ್ಕೆ ಸುಮಾರು 8 ಲಕ್ಷ ಡಾಲರ್ ಎಂದು ಹೊರಬಿತ್ತು. ಅದು ದೇಶದ ಅಧ್ಯಕ್ಷರ ಸಂಬಳದ ಹತ್ತಿರ ಹತ್ತಿರ ಇಮ್ಮಡಿ. ಸುದ್ದಿ ಬಂದ ಮೇಲೆ ಜನ ನಗರಸಭೆಯ ಮುಂದೆ ಕಿಕ್ಕಿರಿದರು, ಸದಸ್ಯರನ್ನು ಮತ ಹಾಕಿ ಕೆಳಗಿಳಿಸಿದರು, ಹಲವರು ಜೈಲಿಗೆ ಹೋದರು. ಪತ್ರಿಕೆಗೆ 2011ರ ಪುಲಿಟ್ಜರ್ ಪ್ರಶಸ್ತಿ ಬಂತು. ಐದು ವರ್ಷ ಅಲ್ಲಿನ ಬಡ ತೆರಿಗೆದಾರರು ಕಳೆದುಕೊಂಡ ಹಣದ ಮುಂದೆ ಒಬ್ಬ ವರದಿಗಾರನ ಸಂಬಳ ಏನೇನೂ ಅಲ್ಲ.

ಖಾಲಿಯಾದ ಜಾಗವನ್ನು ತುಂಬಲು ಲಾಭದ ಉದ್ದೇಶವಿಲ್ಲದ ಸುದ್ದಿಸಂಸ್ಥೆಗಳು ಹುಟ್ಟಿಕೊಂಡಿವೆ. ‘ಪ್ರೊಪಬ್ಲಿಕಾ’ 2008ರಿಂದಲೂ ‘ಟೆಕ್ಸಸ್ ಟ್ರಿಬ್ಯೂನ್’ 2009ರಿಂದಲೂ ಕೆಲಸ ಮಾಡುತ್ತಿವೆ. 1967ರ ಕಾಯ್ದೆಯಿಂದ ಬಂದ ಸಾರ್ವಜನಿಕ ರೇಡಿಯೊ, ಟಿವಿ ವ್ಯವಸ್ಥೆಗೆ ಸಿಗುತ್ತಿದ್ದ ಒಕ್ಕೂಟ ಸರ್ಕಾರದ ನೆರವನ್ನು 2025ರ ಜುಲೈನಲ್ಲಿ ಕಾಂಗ್ರೆಸ್ ಹಿಂತೆಗೆದುಕೊಂಡಿತು. ಅದರ ಪೆಟ್ಟು ಹೆಚ್ಚು ಬೀಳುವುದು ಬೇರೆ ಆದಾಯವಿಲ್ಲದ ಹಳ್ಳಿಗಾಡಿನ ಸಣ್ಣ ಕೇಂದ್ರಗಳಿಗೆ. ಹೊಸ ಸಂಸ್ಥೆಗಳು ದಾನದಿಂದ ಬದುಕುವಂಥವು, ದಾನಿಗಳಲ್ಲಿ ಲಾಬಿ ನಡೆಸುವ ಕಂಪನಿಗಳೂ ಸಂಘಗಳೂ ಇರುತ್ತವೆ. ತೆರಿಗೆ ವಿನಾಯಿತಿ ಪಡೆದದ್ದರಿಂದ ಇವು ಯಾವ ಅಭ್ಯರ್ಥಿಯ ಪರವೂ ಸಂಪಾದಕೀಯ ಬರೆಯುವಂತಿಲ್ಲ. ಟೆಕ್ಸಸ್ ಟ್ರಿಬ್ಯೂನ್ ತನ್ನ ದಾನಿಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಆ ಪಟ್ಟಿಯಲ್ಲಿರುವವರ ಬಗ್ಗೆ ಸುದ್ದಿ ಬರೆದಾಗ, ಅವರಿಂದ ಹಣ ಪಡೆದ ಸಂಗತಿಯನ್ನು ವರದಿಯ ಕೊನೆಯಲ್ಲೇ ಓದುಗರಿಗೆ ತಿಳಿಸುತ್ತದೆ.